ಜಿಜಾಬಾಯಿಯ ಕೋಣ ಮತ್ತು ಎರಡು ಡಬ್ಬಿ

ಹುಮನಾಬಾದ್ ತಾಲ್ಲೂಕಿನ ಹುಡಗಿ ಊರಿಗೆ ಯಾರಾದರೂ ಎಮ್ಮೆಯ ಹಗ್ಗ ಹಿಡಿದು ಬಂದು ತಹಸೀಲ್ದಾರ ಎಲ್ಲಿದ್ದಾನೆ ಎಂದು ಕೇಳಿದರೆ, ಊರವರು ನಗದೆ ಬೇವಿನ ಮರದ ಹಿಂದಿನ ಕೊಟ್ಟಿಗೆ ತೋರಿಸುತ್ತಿದ್ದರು. ತಹಸೀಲ್ದಾರ ಎಂದರೆ ಜಿಜಾಬಾಯಿಯ ಕೋಣ. ಕೊಂಬು ಹಿಂದಕ್ಕೆ ಬಾಗಿ ಹೆಗಲು ದಾಟುವ ಪಂಢರಪುರಿ ತಳಿ. ಬಂದವರು ಎಷ್ಟು ಹೊತ್ತು ಕೈಕಟ್ಟಿ ನಿಂತರೂ ಕೆಲಸ ಮಾಡುವುದು ಮಾತ್ರ ತನ್ನ ಮರ್ಜಿ ಬಂದಾಗ. ಹಾಗಾಗಿ ಆ ಹೆಸರು ಯಾರೂ ಇಡದೆಯೇ ತಾನಾಗಿ ಬಂದಿತ್ತು.

ಕೋಣಗರುವನ್ನು ಸೋಲಾಪುರದ ಕಡೆಯಿಂದ ಹೊಡೆದುಕೊಂಡು ಬಂದವನು ಅವಳ ಗಂಡ ಗುಂಡಪ್ಪ. ಅದು ದೊಡ್ಡದಾಗಿ ಊರ ಎಮ್ಮೆಗಳಿಗೆ ಬೇಕಾಗುವ ಹೊತ್ತಿಗೆ ಗುಂಡಪ್ಪ ಪಂಢರಪುರಕ್ಕೆ ನಡೆದು ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಕೊಂಡು ಬಂದ. ಮಾಲೆ ಹಾಕಿದವನು ಇಂಥ ಕೆಲಸ ಕಣ್ಣಿಂದ ನೋಡಬಾರದು ಎಂದು ತನಗೆ ತಾನೇ ಫರ್ಮಾನು ಹೊರಡಿಸಿಕೊಂಡ. ಆ ಕೆಲಸದಿಂದ ಬಂದ ಜೋಳದ ರೊಟ್ಟಿ ತಿನ್ನುವುದಕ್ಕೆ ಮಾಲೆಯದೇನೂ ತಕರಾರು ಇರಲಿಲ್ಲ. ಹೀಗೆ ಹಗ್ಗ ಜಿಜಾಬಾಯಿಯ ಕೈಗೆ ಬಂತು. ಹೆಂಗಸು ಎಮ್ಮೆಗೆ ಕೋಣ ಬಿಡಿಸುವುದೇ ಎಂದು ಊರು ಎಂಟು ದಿನ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಒಂಬತ್ತನೆಯ ದಿನ ನಾಲ್ಕು ಎಮ್ಮೆ ಒಟ್ಟಿಗೇ ಬೆದೆಗೆ ಬಂದವು. ಊರು ಬೆರಳು ತೆಗೆದು ಹಗ್ಗ ಹಿಡಿಯಿತು. ಜಿಜಾಬಾಯಿ ಕೊಟ್ಟಿಗೆಯ ಮುಂದೆ ಗೋಣಿತಟ್ಟಿನ ಪರದೆ ಕಟ್ಟಿದಳು. ಎಮ್ಮೆಗೂ ಕೋಣಕ್ಕೂ ಪರದೆ ಬೇಕಿರಲಿಲ್ಲ. ಹೊರಗೆ ಬೀಡಿ ಸೇದುತ್ತ ನಿಲ್ಲುವ ಗಂಡಸರಿಗೆ ಬೇಕಿತ್ತು.

ಈ ಕಸುಬಿನ ಕಷ್ಟ ಬೇರೆ. ಕೊಟ್ಟಿಗೆಯಲ್ಲಿ ಎಲ್ಲರಿಗೂ ಹೆಣ್ಣುಗರು ಬೇಕು. ಗಂಡುಗರು ಹಾಲು ಕೊಡುವುದಿಲ್ಲ, ಬರೀ ಕುಡಿಯುತ್ತದೆ. ಅದೇ ಮನುಷ್ಯ ಹೊಸ್ತಿಲು ದಾಟಿ ಒಳಗೆ ಹೋದನೋ, ಅವನಿಗೆ ಗಂಡೇ ಬೇಕು. ಅಂಗಳದ ಉದ್ದ ನಲವತ್ತು ಅಡಿ ಇದ್ದೀತು, ಅದನ್ನು ದಾಟುವಷ್ಟರಲ್ಲಿ ಹರಕೆ ತಲೆಕೆಳಗಾಗುತ್ತಿತ್ತು. ದೇವರು ಎರಡು ಅರ್ಜಿಗಳನ್ನೂ ಓದಿ ಯಾವುದು ಯಾವ ಬಾಗಿಲಿಗೆ ಎಂದು ಗಲಿಬಿಲಿಯಾಗಿ ಅದಲುಬದಲು ಹಂಚಿಬಿಡುತ್ತಿದ್ದ.

ಎಮ್ಮೆ ಗಂಡುಗರು ಹಾಕಿದರೆ ಮಾಲೀಕ ನೆಟ್ಟಗೆ ಜಿಜಾಬಾಯಿಯ ಬಾಗಿಲಿಗೆ ಬರುತ್ತಿದ್ದ. ನಿನ್ನ ಕೋಣದಲ್ಲೇ ಐಬು ಎನ್ನುತ್ತಿದ್ದ. ಜಿಜಾಬಾಯಿಯ ಉತ್ತರ ಒಂದೇ, ಅದು ತಾಲ್ಲೂಕಿಗೆಲ್ಲ ಬಾಯಿಪಾಠ:

"ನನ್ನ ಕ್ವಾಣ ಬೀಜ ಕೊಡತದ, ಅಷ್ಟ. ಗಂಡು ಮಾಡೂದೋ ಹೆಣ್ಣು ಮಾಡೂದೋ ನಿಮ್ಮ ಎಮ್ಮಿ ಹೊಟ್ಟಿಗಿ ಬಿಟ್ಟದ್ದು. ಹೋಗ್ರಿ, ಎಮ್ಮೀನ ಕೇಳ್ರಿ."

ಎಮ್ಮೆಯನ್ನು ಕೇಳಿ ಉತ್ತರ ತಂದವರು ಯಾರೂ ಇರಲಿಲ್ಲವಾದ್ದರಿಂದ ಅವಳ ಮಾತು ನಿಲ್ಲುತ್ತಿತ್ತು.

ನಿಲ್ಲದೆ ಹೋದದ್ದು ಒಂದೇ ಸಲ, ತೊಂಬತ್ತೊಂದನೆಯ ಇಸವಿಯಲ್ಲಿ. ಊರ ಸಾವಕಾರ ಮಹಾರುದ್ರಪ್ಪನವರ ಎಮ್ಮೆ ಸಾಲಾಗಿ ಎರಡು ಗಂಡುಗರು ಹಾಕಿತು. ಅವರು ಹನುಮಂತ ದೇವರ ಕಟ್ಟೆಯ ಮೇಲೆ ಪಂಚಾಯ್ತಿ ಕೂಡಿಸಿದರು. ಫಿರ್ಯಾದಿ ಅವರೇ, ಪಂಚರಲ್ಲಿ ಹಿರಿಯರೂ ಅವರೇ, ಹೀಗಾಗಿ ಕೆಲಸ ಬೇಗ ಮುಗಿಯಿತು. ಬೀಜ ಯಾರದೋ ತಪ್ಪು ಅವರದು, ಎಮ್ಮೆ ಪಾಪ ಹಾಕಿದ್ದನ್ನು ಹೊರುವ ಪ್ರಾಣಿ, ಆದ್ದರಿಂದ ಗಂಡುಗರು ಹುಟ್ಟಿದರೆ ಮುಂದಿನ ಸಲ ಕೋಣವನ್ನು ಪುಕ್ಕಟೆ ಬಿಡಬೇಕು ಎಂದು ತೀರ್ಪಾಯಿತು. ಹತ್ತು ವರ್ಷದಲ್ಲಿ ಸಾವಕಾರರು ಏಳು ಸಲ ಪುಕ್ಕಟೆ ಬಂದರು. ಏಳು ಸಲವೂ ಜಿಜಾಬಾಯಿ ಆ ತೀರ್ಪಿಗೆ ಬೈದಳು, ಮತ್ತು ಸಿಕ್ಕವರಿಗೆಲ್ಲ ತನ್ನ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದಳು.

ಆ ಮಾತು ಕೇಳಿ ತಲೆದೂಗಿದವರಲ್ಲಿ ಬಸವಕಲ್ಯಾಣದ ಗಯಾಬಾಯಿ ಒಬ್ಬಳು. ಅವಳ ಮಗ ಅನೀಲಕುಮಾರನಿಗೆ ಅಲ್ಲಿ ಹಿಟ್ಟಿನ ಗಿರಣಿ. ತಹಸೀಲ್ದಾರನ ಹೆಸರು ಕೇಳಿ ಟೆಂಪೋದಲ್ಲಿ ಎಮ್ಮೆ ಹಾಕಿಕೊಂಡು ಬಂದು ಹೋಗಿದ್ದಳು. ಗಂಡುಗರು ಹುಟ್ಟಿತೆಂದು ಜಗಳಕ್ಕೆ ಬಂದವಳು ಜಿಜಾಬಾಯಿಯ ಮಾತಿಗೆ ಒಪ್ಪಿ, ಚಹಾ ಕುಡಿದು, ಹೋಗುವಾಗ ಜಿಜಾಬಾಯಿಯ ಒಬ್ಬಳೇ ಮಗಳು ವರ್ಷಾಳನ್ನು ಸೊಸೆಗೆ ಕೇಳಿಹೋದಳು. ಮಾರನೆಯ ವಾರ ಆ ಎಮ್ಮೆಯನ್ನು ಸಂತೆಯಲ್ಲಿ ಮಾರಿ ಬೇರೆ ಎಮ್ಮೆ ಕಟ್ಟಿದಳು. ಹೊಸ ಎಮ್ಮೆ ಮೊದಲ ಸಲಕ್ಕೇ ಹೆಣ್ಣುಗರು ಹಾಕಿತು. ಬೀಗತಿಯ ಬುದ್ಧಿ ಎಷ್ಟು ದೊಡ್ಡದು ಎಂದು ಗಯಾಬಾಯಿ ಮದುವೆಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದಳು. ಜಿಜಾಬಾಯಿ ಹಿಗ್ಗಿ ಹೀರೇಕಾಯಿ ಆದಳು.

ಮದುವೆ ತೊಂಬತ್ತನಾಲ್ಕರಲ್ಲಿ ಆಯಿತು. ಮುಂದಿನ ವರ್ಷ ವರ್ಷಾಳಿಗೆ ಹೆಣ್ಣು ಹುಟ್ಟಿತು. ತೊಂಬತ್ತೆಂಟರಲ್ಲಿ ಹೆಣ್ಣು. ಎರಡು ಸಾವಿರದಲ್ಲಿ ಮೂರನೆಯದೂ ಹೆಣ್ಣು. ಮೂರನೆಯದಕ್ಕೆ ಬರುವ ಹೊತ್ತಿಗೆ ಗಯಾಬಾಯಿ ಗಡಿಯಾಚೆ ಯಾವುದೋ ಊರಲ್ಲಿ ಹೊಟ್ಟೆಯೊಳಗಿನದನ್ನು ತೋರಿಸುವ ಮಷೀನು ಇದೆಯಂತೆ ಎಂದು ವಿಚಾರಿಸಿದ್ದಳು. ಹೊಟ್ಟೆಯಲ್ಲಿ ಏನಿದೆ ಎಂದು ಹೇಳುವ ಮಷೀನು ಬಂದಿತ್ತು. ಅದನ್ನು ಅಲ್ಲಿಟ್ಟವರು ಯಾರು ಎಂದು ಹೇಳುವ ಮಷೀನು ಯಾರಿಗೂ ಬೇಕಾಗಿರಲಿಲ್ಲ.

ಎರಡು ಸಾವಿರದ ಒಂದರ ದೀಪಾವಳಿ ಕಳೆದ ಮೇಲೆ ವರ್ಷಾ ಮೂರು ಮಕ್ಕಳನ್ನು ಕಟ್ಟಿಕೊಂಡು ತೌರೂರು ಹುಡಗಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದಳು. ಗೋರ್ಟಾದ ಪಂಡರಿ ಎನ್ನುವವರ ಮಗಳನ್ನು ಅನೀಲಕುಮಾರನಿಗೆ ನೋಡಿದ್ದಾರೆ. ಬರುವ ಸೋಮವಾರ ಗಿರಣಿಯ ಅಂಗಳದಲ್ಲಿ ನಾಲ್ಕು ಮಂದಿ ಹಿರಿಯರ ಎದುರು ಮಾತು ಮುಗಿಸುತ್ತಾರೆ. ಇಬ್ಬರು ಹೆಂಡಿರು ಕೂಡದು ಎನ್ನುವ ಕಾನೂನು ಬೀದರಿನ ಕೋರ್ಟಿನಲ್ಲಿತ್ತು, ಗಿರಣಿಗೂ ಕೋರ್ಟಿಗೂ ನಡುವೆ ದೂರ ಬಹಳ.

ಜಿಜಾಬಾಯಿ ಕೆರಳಿದಳು. ನಿನ್ನ ಅತ್ತೆಗೆ ಬುದ್ಧಿ ಯಾರು ಕೊಟ್ಟರು ಎಂದು ಕೇಳಿದಳು.

"ನೀನ, ಅವ್ವ," ಎಂದಳು ವರ್ಷಾ. "ಗಂಡು ಮಾಡೂದು ಹೆಣ್ಣು ಮಾಡೂದು ಹೊಟ್ಟಿಗಿ ಬಿಟ್ಟದ್ದು ಅಂತ ನಿಮ್ಮವ್ವನ ಹೇಳ್ಯಾಳ, ಎಮ್ಮಿ ಬದಲಿ ಮಾಡಿದ್ವಿ, ಹೆಣ್ಣುಗರು ಬಂತು, ಇದೂ ಹಾಂಗ ಅಂತಾರ."

ಜಿಜಾಬಾಯಿ ಹತ್ತು ವರ್ಷ ತಾಲ್ಲೂಕಿನ ಎಮ್ಮೆಗಳ ಮೇಲೆ ಎಸೆದ ಕಲ್ಲು ತಿರುಗಿ ಬಂದು ಮಗಳ ಹಣೆಗೆ ಬಿದ್ದಿತ್ತು. ಒಳಗೆ ಗುಂಡಪ್ಪ ಅಭಂಗ ಹಾಡುತ್ತಿದ್ದ. ತಾಳ ಜರಾ ನಿಧಾನ ಮಾಡಿದನೇ ಹೊರತು ನಿಲ್ಲಿಸಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಹುಮನಾಬಾದಿಗೆ ಹೋಗಿ, ಜನ್ಮದಲ್ಲಿ ಮೆಟ್ಟುವುದಿಲ್ಲ ಎಂದಿದ್ದ ದನದ ದವಾಖಾನೆಯ ಮೆಟ್ಟಿಲು ಹತ್ತಿದಳು. ಅಲ್ಲಿ ಸೈಫುದ್ದೀನ್ ಎಂಬ ಇನ್‌ಸ್ಪೆಕ್ಟರ್ ಇದ್ದ. ಹೊಗೆಯಾಡುವ ಕ್ಯಾನಿನಿಂದ ಬೀಜದ ಕಡ್ಡಿ ತೆಗೆದು ಎಮ್ಮೆಗಳಿಗೆ ಸೂಜಿ ಹಾಕುವವನು, ಅಂದರೆ ತಹಸೀಲ್ದಾರನ ಹೊಟ್ಟೆಯ ಮೇಲೆ ಹೊಡೆಯುವವನು. ಹತ್ತು ವರ್ಷದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಶುಭ ಹಾರೈಸಿದ್ದೇ ಇಲ್ಲ. ಅವಳು ಬಂದದ್ದು ನೋಡಿ ಅವನು ಕೋಣ ಸತ್ತಿತೇ ಎಂದು ಕೇಳಿದ. ದನಿಯಲ್ಲಿ ಅಂಥ ದುಃಖವೇನೂ ಇರಲಿಲ್ಲ.

ಕಥೆ ಕೇಳಿದ ಮೇಲೆ ಮಾತ್ರ ಅವನು ಕುರ್ಚಿ ಎಳೆದು ಕೊಟ್ಟ. ಕಪಾಟಿನಿಂದ ಎರಡು ಖಾಲಿ ಡಬ್ಬಿ ತೆಗೆದ. ದನಗಳ ಜಂತಿನ ಗುಳಿಗೆಯಲ್ಲಿ ಬಿಳಿಯವೂ ಹಳದಿಯವೂ ಇದ್ದವು. ಒಂದು ಡಬ್ಬಿಗೆ ಬರೀ ಬಿಳಿ ಹಾಕಿದ. ಇನ್ನೊಂದಕ್ಕೆ ಅರ್ಧ ಬಿಳಿ, ಅರ್ಧ ಹಳದಿ ಹಾಕಿ ಅಲ್ಲಾಡಿಸಿದ.

"ಇದು ತಾಯಿ ಡಬ್ಬಿ. ಬರೇ ಬಿಳಿ. ಕಿತಾಬಿನಾಗ ಇದಕ್ಕ ಎಕ್ಸ್ ಅಂತಾರ. ಇದು ಅಪ್ಪಂದು. ಇದರಾಗ ಬಿಳೀನೂ ಅದ, ಹಳದೀನೂ ಅದ. ಹಳದಿಗಿ ವೈ ಅಂತಾರ. ಕೂಸು ಆಗಬೇಕಂದ್ರ ಎರಡೂ ಡಬ್ಬಿಯಿಂದ ಒಂದೊಂದು ಬೇಕು. ಬಿಳಿ-ಬಿಳಿ ಕೂಡಿದ್ರ ಹೆಣ್ಣು, ಬಿಳಿ-ಹಳದಿ ಕೂಡಿದ್ರ ಗಂಡು. ಈಗ ನೀವ ಹೇಳ್ರಿ ಜಿಜಾಬಾಯಿ, ಹಳದಿ ಕೊಡೂದು ಯಾರ ಕೈಯಾಗ ಅದ?"

ಜಿಜಾಬಾಯಿ ತಾಯಿ ಡಬ್ಬಿಯನ್ನು ತಳದವರೆಗೆ ಬೆರಳಾಡಿಸಿ ನೋಡಿದಳು. ಎಮ್ಮೆಯದೂ ಹೀಗೆಯೇ ಏನು ಎಂದು ಸಣ್ಣ ದನಿಯಲ್ಲಿ ಕೇಳಿದಳು. ಎಮ್ಮೆಯದೂ ಹೀಗೆಯೇ, ಮನುಷ್ಯರದೂ ಹೀಗೆಯೇ ಎಂದ ಸೈಫುದ್ದೀನ್. ಅಂದರೆ ಮಹಾರುದ್ರಪ್ಪ ಸಾವಕಾರರು ತಿಳಿಯದೆಯೇ ಅರ್ಧ ಖರೆ ಹೇಳಿದ್ದರು, ಅವಳು ಪೂರಾ ಸುಳ್ಳು ಹೇಳಿದ್ದಳು. ಗಯಾಬಾಯಿ ಮಾರಿದ ಆ ಎಮ್ಮೆಯ ನೆನಪಾಗಿ ಅವಳಿಗೆ ಒಂದು ಕ್ಷಣ ಕೆಡುಕೆನಿಸಿತು.

ಸೈಫುದ್ದೀನನಿಗೆ ಇಂಥ ಕೇಳುಗರು ಸಿಕ್ಕಿದ್ದು ಅಪರೂಪ, ಅವನು ಅಷ್ಟಕ್ಕೇ ಬಿಡಲಿಲ್ಲ. ಕೂಸು ಮೊದಲ ಆರೇಳು ವಾರ ಗಂಡಾದರೂ ಹೆಣ್ಣಾದರೂ ಒಂದೇ ಥರ ಬೆಳೆಯುತ್ತದೆ, ಎರಡಕ್ಕೂ ಬೇಕಾದ ತಯಾರಿ ಒಳಗೆ ಇರುತ್ತದೆ, ಆಮೇಲೆ ಹಳದಿ ಇದ್ದರೆ ಅದು ಗಂಡಿನ ಅಂಗ ಮಾಡಲು ಹುಕುಂ ಕೊಡುತ್ತದೆ ಎಂದ. ಹುಕುಂ ಇಲ್ಲದಿದ್ದರೆ ಹೆಣ್ಣು ಸುಮ್ಮನೆ ಆಗಿಬಿಡುತ್ತದೆ ಎಂದುಕೊಳ್ಳಬೇಡಿ, ಅದಕ್ಕೂ ಒಳಗೆ ಬೇರೆಯೇ ಕೆಲಸ ನಡೆಯುತ್ತದೆ ಎಂದ. ಹೆಣ್ಣುಕೂಸು ತನ್ನ ಅಂಡಗಳನ್ನು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಾಡಿಟ್ಟುಕೊಂಡು ಹುಟ್ಟುತ್ತದೆ ಎಂದೂ ಹೇಳಿದ. ಜಿಜಾಬಾಯಿ ಅದನ್ನು ಎರಡು ಸಲ ಹೇಳಿಸಿಕೊಂಡಳು. ವರ್ಷಾ ತನ್ನ ಹೊಟ್ಟೆಯಲ್ಲಿದ್ದಾಗ ಆ ಮೂರು ಹುಡುಗಿಯರ ಅರ್ಧ ಪಾಲೂ ಅಲ್ಲೇ ಇತ್ತೇ ಎಂದು ಕೇಳಿ, ಹೌದು ಎಂದಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಒಂದು ಮಾತು ನೆಪ್ಪಿಡ್ರಿ," ಎಂದ ಸೈಫುದ್ದೀನ್ ಕೊನೆಗೆ. "ಡಬ್ಬಿ ಅಪ್ಪಂದು ಖರೆ, ಆದ್ರ ಕಣ್ಣು ಮುಚ್ಚಿ ತಗದಂಗ ಬರ್ತದ ಅದು. ಬಿಳಿ ಬರಲಿ ಹಳದಿ ಬರಲಿ, ತಪ್ಪು ಯಾರದೂ ಅಲ್ಲ."

ಆ ಮಾತನ್ನು ಜಿಜಾಬಾಯಿ ಕೇಳಿಸಿಕೊಂಡಳು. ಎರಡು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡಳು. ನೀವೂ ಬರ್ರಿ ಎಂದದ್ದಕ್ಕೆ ಅವನು ಸರಕಾರಿ ನೌಕರ, ಸಂಸಾರದ ಪಂಚಾಯ್ತಿಗೆ ಬರಲಾರೆ ಎಂದ.

ಸೋಮವಾರ ಬಂತು. ಮೊದಲ ಹೆಂಡತಿಯ ತೌರೂರಿನಿಂದ ಒಬ್ಬ ಹಿರಿಯರು ಹೋಗಬೇಕು ಎನ್ನುವುದು ಪದ್ಧತಿ. ಹುಡಗಿ ಊರಿನಿಂದ ಹೋಗಬಹುದಾದ ಹಿರಿಯರು ಮಹಾರುದ್ರಪ್ಪ ಸಾವಕಾರರೇ. ಅವರನ್ನು ಬಸ್ಸಿನ ಕಿಟಕಿ ಪಕ್ಕ ಕೂಡಿಸಿ ಜಿಜಾಬಾಯಿ, ಗುಂಡಪ್ಪ, ವರ್ಷಾ, ಮೂರು ಮಕ್ಕಳು ಬಸವಕಲ್ಯಾಣಕ್ಕೆ ಹೋದರು.

ಗಿರಣಿಯ ಅಂಗಳದಲ್ಲಿ ಜಮಖಾನೆ ಹಾಸಿತ್ತು. ಕರೆಂಟು ಹೋಗಿದ್ದರಿಂದ ಗಿರಣಿ ನಿಂತಿತ್ತು. ಜೋಳ, ಗೋಧಿಯ ಬುಟ್ಟಿ ಇಟ್ಟುಕೊಂಡು ಹದಿನೈದಿಪ್ಪತ್ತು ಹೆಂಗಸರು ಗೋಡೆಗುಂಟ ಕೂತಿದ್ದರು. ಕರೆಂಟು ಬರುವವರೆಗೆ ಏಳುವಂತಿಲ್ಲ, ಕೂತಮೇಲೆ ಕಿವಿ ಮುಚ್ಚಿಕೊಳ್ಳುವಂತಿಲ್ಲ. ಗೋರ್ಟಾದ ಪಂಡರಿ ಹೊಸ ಟೊಪ್ಪಿಗೆ ಹಾಕಿ ಗಂಭೀರವಾಗಿ ಕೂತಿದ್ದ. ಅನೀಲಕುಮಾರ ನೆಲ ನೋಡುತ್ತಿದ್ದ. ಅವನು ಕೆಟ್ಟವನಲ್ಲ. ಅವ್ವ ಹೇಳಿದ್ದಕ್ಕೆ ಹೂಂ ಎನ್ನುವ ಒಳ್ಳೆಯವನು, ಅಂಥವರಿಂದ ಆಗುವ ಕೇಡೇನೂ ಕಡಿಮೆಯಲ್ಲ.

ಗಯಾಬಾಯಿ ಮಾತು ತೆಗೆದಳು. ಸೊಸೆಯ ಮೇಲೆ ನನಗೆ ಸಿಟ್ಟಿಲ್ಲ, ಅವಳು ಒಂದು ಕೋಣೆಯಲ್ಲಿ ಇದ್ದುಕೊಂಡು ಹೋಗಲಿ, ಆದರೆ ಮನೆಗೆ ಗಂಡು ಬೇಕು ಎಂದಳು. ಆಮೇಲೆ ಬೀಗತಿಯ ಕಡೆ ತಿರುಗಿದಳು.

"ನಾ ಏನ್ ನನ್ನ ಮನಸಿಲೆ ಹೇಳಾಕತ್ತಿಲ್ಲ, ಬೀಗತೇರ. ನಿಮ್ಮ ಮಾತ ನಿಮಗ ಹೇಳಾಕತ್ತೀನಿ. ಹೊಟ್ಟಿ ಸರಿ ಇಲ್ಲಂದ್ರ ಬೀಜ ಏನ್ ಮಾಡತದ?"

ಹಿರಿಯರು ತಲೆದೂಗಿದರು. ಮಹಾರುದ್ರಪ್ಪನವರನ್ನೂ ಕೇಳಿದರು. ಸಾವಕಾರರ ಮನೆಯಲ್ಲಿ ಇಬ್ಬರು ಸೊಸೆಯರು, ಒಬ್ಬಳು ಬಸುರಿ, ಮೊದಲಿನವು ಎರಡೂ ಹೆಣ್ಣು. ಅವರು ಮೀಸೆ ತೀಡಿ, ಜಿಜಾಬಾಯಿ ಹತ್ತು ವರ್ಷದಿಂದ ಹೇಳುತ್ತಿರುವ ಮಾತಿನಲ್ಲಿ ಖರೆ ಇದೆ ಎಂದುಬಿಟ್ಟರು. ತಮ್ಮ ತೀರ್ಪು ಕೊಟ್ಟಿಗೆಯದು, ಇದು ಮನೆಯದು ಎಂದು ಅವರ ಲೆಕ್ಕ.

ಜಿಜಾಬಾಯಿ ಇದನ್ನೇ ಕಾಯುತ್ತಿದ್ದಳು.

"ಹಾಂಗಾದ್ರ ಸಾವಕಾರ್ರ, ತೊಂಬತ್ತೊಂದರಾಗ ಹನುಮಂತದೇವ್ರ ಕಟ್ಟಿ ಮ್ಯಾಲ ನೀವು ಕೊಟ್ಟ ತೀರ್ಪು ಸುಳ್ಳಾತಲ್ರಿ. ತಪ್ಪು ಎಮ್ಮೀದಾದ್ರ ಏಳು ಸಲ ನನ್ನ ಕ್ವಾಣ ಯಾಕ ಪುಕ್ಕಟ ದುಡಿತು? ಈ ನಾಕು ಮಂದಿ ಮುಂದ ಹೇಳ್ರಿ. ಎಂಟನೇದ್ದಕ್ಕ ಎಮ್ಮಿ ಯಾವ ಮಾರಿ ಇಟ್ಟಕೊಂಡು ತರ್ತೀರಿ?"

ಸಾವಕಾರರು ಮೀಸೆಯಿಂದ ಕೈ ತೆಗೆದರು. ಎಂಟನೆಯ ಎಮ್ಮೆ ಬೆದೆಗೆ ಬರುವ ದಿನ ಹತ್ತಿರವಿತ್ತು. ಒಂದು ಕಡೆ ಸೊಸೆಯರನ್ನು ಬೈಯುವ ಸುಖ, ಇನ್ನೊಂದು ಕಡೆ ಪುಕ್ಕಟೆ ಕೋಣ. ಮನುಷ್ಯ ಧರ್ಮಸಂಕಟದಲ್ಲಿ ಬೀಳುವುದು ಎಂದರೆ ಇದೇ. ಬಹಳ ಹೊತ್ತು ಬೀಳಲಿಲ್ಲ.

"ಬೀಜಾನ ಮುಖ್ಯ," ಎಂದರು ಗಂಟಲು ಸರಿಮಾಡಿಕೊಂಡು. "ಅವತ್ತೂ ಅದ ಹೇಳೀನಿ, ಇವತ್ತೂ ಅದ ಹೇಳ್ತೀನಿ. ಹೊಟ್ಟೀದು ಏನೂ ತಪ್ಪಿಲ್ಲ."

ಗೋಡೆಗುಂಟ ನಗು ಹರಿಯಿತು. ಗಯಾಬಾಯಿ ಬಿಡಲಿಲ್ಲ. ಹಾಗಾದರೆ ಬೀಗತಿ ಇಷ್ಟು ವರ್ಷ ಹೇಳಿದ್ದೇನು, ಅವಳ ಮಾತು ನಂಬಿ ತಾನು ಎಮ್ಮೆ ಮಾರಿದ್ದೇನು ಎಂದು ಕೇಳಿದಳು.

ಈಗ ಹೇಳಬೇಕಾದ ಮಾತು ಹೇಳಿದರೆ ನಾಳೆಯಿಂದ ಕೊಟ್ಟಿಗೆಗೆ ಎಮ್ಮೆ ಬರುವುದಿಲ್ಲ ಎಂದು ಜಿಜಾಬಾಯಿಗೆ ಗೊತ್ತಿತ್ತು. ಬಾಗಿಲ ಹಿಂದೆ ವರ್ಷಾ ಸಣ್ಣ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಸುಳ್ಳು ಹೇಳೀನಿ," ಎಂದಳು ಜಿಜಾಬಾಯಿ. "ನನ್ನ ಕ್ವಾಣದ ಹೆಸರು ಉಳಸಾಕ ಹತ್ತು ವರ್ಷ ಮಂದಿ ಎಮ್ಮಿ ಹೆಸರು ಕೆಡಿಸೀನಿ. ಐಬು ಇದ್ದದ್ದು ನನ್ನ ತಹಸೀಲ್ದಾರನ ಡಬ್ಬಿಯಾಗ."

ಚೀಲದಿಂದ ಎರಡು ಡಬ್ಬಿ ತೆಗೆದು ಜಮಖಾನೆಯ ಮೇಲಿಟ್ಟಳು. ಸೈಫುದ್ದೀನ್ ಹೇಳಿದ್ದನ್ನು ಹೇಳಿದಳು. ತಾಯಿ ಡಬ್ಬಿಯನ್ನು ಎಲ್ಲರ ಮುಂದೆ ಸುರುವಿ ತೋರಿಸಿದಳು, ಬರೀ ಬಿಳಿ. ಆಮೇಲೆ ಅಪ್ಪನ ಡಬ್ಬಿಯನ್ನು ಅಳಿಯನ ಮುಂದೆ ಹಿಡಿದಳು.

"ತಗೀರಿ, ಅಳೇಂದ್ರ. ಡಬ್ಬಿ ನಿಮ್ಮದು, ಕೈ ನಿಮ್ಮದು. ದಿನಾ ಗಿರಣಿ ನಡಸ್ತೀರಿ. ಜ್ವಾಳ ಸುರುವಿ ಗೋಧಿ ಹಿಟ್ಟು ಬರಲಿಲ್ಲಂತ ಯಾರರೆ ಬೈದ್ರ ಏನ್ ಹೇಳ್ತೀರಿ?"

ಅನೀಲಕುಮಾರ ಅವ್ವನ ಮುಖ ನೋಡಿ ಕೈ ಹಾಕಿದ. ಬಿಳಿ ಬಂತು. ಮತ್ತೆ ಹಾಕಿದ, ಮತ್ತೆ ಬಿಳಿ. ಮೂರನೆಯ ಸಲ ಕೈ ಒಳಗೆ ಹೋಯಿತು, ಏನೋ ಹಿಡಿಯಿತು, ಬಿಟ್ಟಿತು, ಖಾಲಿಯಾಗಿ ಹೊರಗೆ ಬಂತು.

ಅಷ್ಟರಲ್ಲಿ ಗೋಡೆಯ ಕಡೆಯಿಂದ ಫಕ್ರುನ್ನೀಸಾ ಎಂಬ ಮುದುಕಿ, ಐದು ಹೆಣ್ಣು ಹೆತ್ತವಳು, ಪಕ್ಕದವಳಿಗೆ ಹೇಳುವಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಹಳದಿ ತಮ್ಮ ಹತ್ರ ಇಟ್ಟಕೊಂಡು, ಯಾಕ ಕೊಡಲಿಲ್ಲಂತ ನಮಗ ಹೊಡದ್ರಲ್ಲವ್ವ."

ಗೋರ್ಟಾದ ಪಂಡರಿ ಎದ್ದು ನಿಂತ. ಅವನಿಗೆ ಎಕ್ಸೂ ತಿಳಿದಿರಲಿಲ್ಲ, ವೈಯೂ ತಿಳಿದಿರಲಿಲ್ಲ. ಈ ಹುಡುಗನ ಡಬ್ಬಿಯಲ್ಲಿ ಬರೀ ಬಿಳಿ ಇದೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಮಗಳನ್ನು ಕೊಟ್ಟರೆ ನಾಳೆ ಇದೇ ಜಮಖಾನೆಯ ಮೇಲೆ ತಾನು ಕೂರಬೇಕು. ಗೋರ್ಟಾದ ಬಸ್ಸು ಹೊರಡುವ ಹೊತ್ತಾಯಿತು ಎಂದು ಹೋದ. ಆ ಹೊತ್ತಿಗೆ ಗೋರ್ಟಾಕ್ಕೆ ಬಸ್ಸೇ ಇರಲಿಲ್ಲ. ಹಿಂದೆಯೇ ಕರೆಂಟು ಬಂತು, ಗಿರಣಿ ಗುಡುಗಿತು, ಪಂಚಾಯ್ತಿ ಆ ಸದ್ದಿನಲ್ಲಿ ಮುಗಿದುಹೋಯಿತು. ಬುಟ್ಟಿ ಹೊತ್ತು ಹೋದ ಹೆಂಗಸರು ಹಿಟ್ಟಿನ ಜೊತೆ ಸುದ್ದಿಯನ್ನೂ ಮನೆಮನೆಗೆ ಮುಟ್ಟಿಸಿದರು. ಅನೀಲಕುಮಾರನಿಗೆ ಹೆಣ್ಣು ಕೊಡಲು ಆಮೇಲೆ ಯಾರೂ ಬರಲಿಲ್ಲ. ಗಯಾಬಾಯಿ ಇದಕ್ಕೆಲ್ಲ ಗಿರಣಿಯ ಧೂಳೇ ಕಾರಣ ಎಂದು ಹೊಸದೊಂದು ಶಾಸ್ತ್ರ ಕಂಡುಹಿಡಿದಳು, ಸೊಸೆಯ ತಂಟೆ ಬಿಟ್ಟಳು.

ಜಿಜಾಬಾಯಿಯನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ವರ್ಷಾ, ದವಾಖಾನೆಯವರು ಇಷ್ಟೇ ಹೇಳಿದರೇನವ್ವ ಎಂದು ಕೇಳಿದಳು. ಇಲ್ಲ, ತಪ್ಪು ಯಾರದೂ ಅಲ್ಲ ಎಂದೂ ಹೇಳಿದರು ಎಂದಳು ಜಿಜಾಬಾಯಿ.

"ಅದನ್ನ ಯಾಕ ಹೇಳಲಿಲ್ಲ? ಅರ್ಧಾನ ಹೇಳಿದಿ."

"ತಪ್ಪು ಯಾರದೂ ಅಲ್ಲಂದ್ರ ಅವರು ಹೊಳ್ಳಿ ನಿನ್ನ ಮ್ಯಾಲ ಹಾಕ್ತಿದ್ರು. ಇರಲಿ, ಉಳಿದರ್ಧ ನಿನ್ನ ಮಕ್ಕಳಿಗಿ ಹೇಳು."

ಅಂದುಕೊಂಡಂತೆಯೇ ಕೊಟ್ಟಿಗೆಗೆ ಎಮ್ಮೆ ಬರುವುದು ನಿಂತಿತು. ಒಡತಿಯೇ ಐಬು ಒಪ್ಪಿಕೊಂಡ ಕೋಣ ಯಾರಿಗೆ ಬೇಕು? ಎಲ್ಲರೂ ಸೈಫುದ್ದೀನನ ಸೂಜಿಯ ಕಡೆ ಹೋದರು. ಅಲ್ಲಿಯೂ ಅರ್ಧ ಗಂಡು, ಅರ್ಧ ಹೆಣ್ಣೇ ಹುಟ್ಟಿದವು, ಆದರೆ ಹೋಗಿ ನಿಂತು ಬೈಯಲು ಸರಕಾರಕ್ಕೆ ಜಗಲಿ ಇರಲಿಲ್ಲ. ಜಿಜಾಬಾಯಿ ಎರಡು ಎಮ್ಮೆ ಕಟ್ಟಿ ಹಾಲು ಮಾರತೊಡಗಿದಳು. ತಹಸೀಲ್ದಾರ ಬೇವಿನ ನೆರಳಿನಲ್ಲಿ ಪಿಂಚಣಿ ತಿನ್ನುತ್ತ ಮಲಗಿದ. ಗೋಣಿತಟ್ಟಿನ ಪರದೆ ಗುಂಡಪ್ಪನ ಭಜನೆಗೆ ಹಾಸಾಯಿತು.

ಕೊನೆಯ ಗಿರಾಕಿ ಮಹಾರುದ್ರಪ್ಪ ಸಾವಕಾರರು. ಎಂಟನೆಯ ಪುಕ್ಕಟೆಯನ್ನು ಅವರು ಬಿಡಲಿಲ್ಲ. ಆ ಎಮ್ಮೆ ಗಬ್ಬವಾಗಿ ಮರುವರ್ಷ ಈದದ್ದು ಗಂಡುಗರುವನ್ನು. ಸಾವಕಾರರ ಸೊಸೆ ಆಗಲೇ ಹೆತ್ತು ತೌರಿನಿಂದ ಬಂದಿದ್ದಳು, ಮಡಿಲಲ್ಲಿ ಹೆಣ್ಣುಕೂಸು. ಮನೆಯೊಳಗೆ ಬಯ್ಯುವಂತಿರಲಿಲ್ಲ, ಬಸವಕಲ್ಯಾಣದ ನಾಲ್ಕು ಮಂದಿಯ ಮುಂದೆ ಹೇಳಿದ ಮಾತು ಊರಿಗೆಲ್ಲ ಗೊತ್ತಾಗಿತ್ತು. ಹೀಗಾಗಿ ಒಂದು ಬೆಳಿಗ್ಗೆ ಎಮ್ಮೆಯ ಹಗ್ಗ ಹಿಡಿದು, ಕರುವನ್ನು ಹಿಂದೆ ಬಿಟ್ಟುಕೊಂಡು, ಇದ್ದಬದ್ದ ಸಿಟ್ಟನ್ನೆಲ್ಲ ಹೊತ್ತು ಜಿಜಾಬಾಯಿಯ ಅಂಗಳಕ್ಕೆ ಬಂದು ನಿಂತರು.

ಜಿಜಾಬಾಯಿ ಹಾಲು ಅಳೆಯುವುದನ್ನು ನಿಲ್ಲಿಸಿ ಅವರನ್ನು ನೋಡಿದಳು. ಕರುವನ್ನು ನೋಡಿದಳು. ಸೊಸೆ ಮಗು ಆರಾಮ ಇದ್ದಾರೇನು ಎಂದು ವಿಚಾರಿಸಿದಳು. ಆಮೇಲೆ ಗೋಡೆಯ ಗೂಡಿನ ಕಡೆ ಕೈ ಚಾಚಿ ಕೇಳಿದಳು:

"ಡಬ್ಬಿ ತರ್ಲೇನ್ರಿ, ಸಾವಕಾರ್ರ?"

ಸಾವಕಾರರು ಎಮ್ಮೆಯನ್ನು ಹೊರಳಿಸಿಕೊಂಡು ಮನೆಯ ದಾರಿ ಹಿಡಿದರು. ಕರು ಮಾತ್ರ ಜರಾ ಹೊತ್ತು ಅಲ್ಲೇ ನಿಂತು, ಬೇವಿನ ಕೆಳಗೆ ಮಲಗಿದ್ದ ಅಪ್ಪನನ್ನು ನೋಡಿ, ಆಮೇಲೆ ತಾಯಿಯ ಹಿಂದೆ ಓಡಿತು.